ಒಟ್ಟು ತೂಕ ದುಪ್ಪಟ್ಟಾಗುವುದೇಕೆ? ಎಸ್‌ಕ್ಯುಎಲ್ ಕಲಿಯುವವರ ಪ್ರಶ್ನೋತ್ತರ

ಪ್ರಶ್ನೆ (ಬದಿಯಡ್ಕದ ಸದಸ್ಯೆ):
ನಾನು ವಾಣಿಜ್ಯ ಪದವೀಧರೆ, ಅಡಿಕೆ ಖರೀದಿಸುವ ಸಂಸ್ಥೆಯೊಂದರಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ದತ್ತಾಂಶ ವಿಶ್ಲೇಷಣೆಯ ಕೆಲಸಕ್ಕೆ ಹೋಗಬೇಕೆಂಬ ಆಸೆಯಿಂದ ಟೇಬಲ್‌ಗಳಲ್ಲಿರುವ ದತ್ತಾಂಶವನ್ನು ಕೇಳಿ ತೆಗೆಯುವ ಭಾಷೆಯಾದ ಎಸ್‌ಕ್ಯುಎಲ್ ಕಲಿಯುತ್ತಿದ್ದೇನೆ. ಬೆಳೆಗಾರರು, ಖರೀದಿ, ಮುಂಗಡ ಎಂದು ಮೂರು ಟೇಬಲ್ ಮಾಡಿ, ಮೂರನ್ನೂ ಬೆಳೆಗಾರರ ಸಂಖ್ಯೆಯ ಮೂಲಕ ಜಾಯಿನ್ ಮಾಡಿ (ಜೋಡಿಸಿ) ಒಬ್ಬೊಬ್ಬರ ಒಟ್ಟು ತೂಕ ತೆಗೆದರೆ ಕೆಲವರದು ಸರಿ ಬರುತ್ತದೆ, ಕೆಲವರದು ದುಪ್ಪಟ್ಟಾಗುತ್ತದೆ. ಮೊತ್ತ ತೆಗೆಯುವ ಸಮ್ ಒಳಗೆ, ಒಂದೇ ಮೌಲ್ಯವನ್ನು ಒಮ್ಮೆ ಮಾತ್ರ ಹಿಡಿಯುವ ಡಿಸ್ಟಿಂಕ್ಟ್ ಹಾಕಿದರೆ ಕಡಿಮೆಯಾಗುತ್ತದೆ. ತಪ್ಪೆಲ್ಲಿದೆ?

ಉತ್ತರ (ದತ್ತಾಂಶ ವಿಶ್ಲೇಷಕ, ಕುಂಬಳೆ):
ಒಬ್ಬ ಬೆಳೆಗಾರನನ್ನೇ ಎದುರಿಗಿಟ್ಟುಕೊಂಡು ನೋಡೋಣ. 14ನೆಯ ಸಂಖ್ಯೆಯವರು ಮೂರು ಸಲ ಅಡಿಕೆ ತಂದಿದ್ದಾರೆ: 2, 3 ಮತ್ತು 3 ಕ್ವಿಂಟಾಲ್, ಒಟ್ಟು 8. ಎರಡು ಸಲ ಮುಂಗಡ ಪಡೆದಿದ್ದಾರೆ. ಯಾವ ಮುಂಗಡ ಯಾವ ಖರೀದಿಗೆ ಸೇರಿದ್ದೆಂದು ಜಾಯಿನ್‌ಗೆ ತಿಳಿಯದು. ಎರಡೂ ಕಡೆ 14 ಎಂದಿರುವುದಷ್ಟೇ ಅದಕ್ಕೆ ಕಾಣುತ್ತದೆ. ಹಾಗಾಗಿ ಪ್ರತಿಯೊಂದು ಖರೀದಿಯ ಸಾಲನ್ನೂ ಎರಡು ಮುಂಗಡಗಳೊಂದಿಗೆ ಜೋಡಿಸಿ ಆರು ಸಾಲು ಕೊಡುತ್ತದೆ, ತೂಕ 16 ಆಗುತ್ತದೆ. ಒಂದೇ ಮುಂಗಡ ಪಡೆದವರ ಲೆಕ್ಕ ಸರಿ ಬಂದದ್ದು ಇದೇ ಕಾರಣಕ್ಕೆ. ಡಿಸ್ಟಿಂಕ್ಟ್ ಹಾಕಿದಾಗ ಎರಡು 3ಗಳಲ್ಲಿ ಒಂದು ಬಿದ್ದುಹೋಗಿ 5 ಉಳಿಯುತ್ತದೆ. ದಯವಿಟ್ಟು ಆ ದಾರಿ ಹಿಡಿಯಬೇಡಿ. ಅದು ತಪ್ಪನ್ನು ತಿದ್ದುವುದಿಲ್ಲ, ಮರೆಮಾಡುತ್ತದೆ.

ಖರೀದಿಯನ್ನು ಪ್ರತ್ಯೇಕವಾಗಿ ಬೆಳೆಗಾರರ ಸಂಖ್ಯೆಯ ಮೇಲೆ ಗ್ರೂಪ್ ಬೈ ಮಾಡಿ (ಗುಂಪುಗೂಡಿಸಿ ಮೊತ್ತ ತೆಗೆದು), ಮುಂಗಡವನ್ನೂ ಹಾಗೆಯೇ ಮಾಡಿ, ಒಬ್ಬರಿಗೆ ಒಂದೇ ಸಾಲು ಎಂಬಂತಾದ ಮೇಲೆ ಬೆಳೆಗಾರರ ಟೇಬಲ್‌ಗೆ ಜೋಡಿಸಿ. ಯಾವುದೇ ಜಾಯಿನ್ ಬರೆಯುವ ಮೊದಲು ‘ಈ ಟೇಬಲ್‌ನ ಒಂದು ಸಾಲು ಎಂದರೆ ಏನು?’ ಎಂದು ಕೇಳಿಕೊಳ್ಳುವ ಅಭ್ಯಾಸವನ್ನು ನಾನು ಎಲ್ಲ ಆಜ್ಞೆಗಳಿಗಿಂತ ಮೇಲೆ ಇಡುತ್ತೇನೆ. ಐಬಿಎಂನಲ್ಲಿದ್ದ ಎಡ್ಗರ್ ಕಾಡ್ 1970ರಲ್ಲಿ ಮುಂದಿಟ್ಟ, ದತ್ತಾಂಶವನ್ನು ಟೇಬಲ್‌ಗಳಾಗಿ ಕಾಣುವ ರಿಲೇಷನಲ್ ಮಾದರಿಯ ತಿರುಳೂ ಇಲ್ಲಿಯೇ ಇದೆ: ಮಾಹಿತಿ ಎಲ್ಲಿ ಶೇಖರವಾಗಿದೆ ಎಂಬುದರಿಂದಲ್ಲ, ಕಾಲಂನಲ್ಲಿರುವ ಮೌಲ್ಯದಿಂದಲೇ ಸಂಬಂಧ ಏರ್ಪಡುತ್ತದೆ.

ಆದ್ದರಿಂದಲೇ ಆ ಮೌಲ್ಯ ಹೆಸರಾಗಿರಬಾರದು, ಸಂಖ್ಯೆಯಾಗಿರಬೇಕು. ನಮ್ಮ ಗಡಿನಾಡಿನಲ್ಲಿ ಇದನ್ನು ಎಷ್ಟು ಒತ್ತಿ ಹೇಳಿದರೂ ಸಾಲದು. ಕನ್ನಡದ ಕಾಗದದಲ್ಲಿ ಕುಂಬಳೆ, ಮಂಜೇಶ್ವರ ಎಂದಿರುವ ಊರುಗಳು ಮಲಯಾಳದ ಕಾಗದದಲ್ಲಿ ಕುಂಬಳ, ಮಂಜೇಶ್ವರಂ ಆಗಿರುತ್ತವೆ, ಗ್ರೂಪ್ ಬೈಗೆ ಅವು ನಾಲ್ಕು ಊರುಗಳು. ಊರುಗಳಿಗೇ ಒಂದು ಟೇಬಲ್ ಮಾಡಿ, ಪ್ರತಿ ಊರಿಗೂ ಪ್ರೈಮರಿ ಕೀ (ಆ ಊರಿಗಷ್ಟೇ ಸೇರಿದ ಗುರುತುಸಂಖ್ಯೆ) ಕೊಟ್ಟು, ಬೆಳೆಗಾರರ ಟೇಬಲ್‌ನಲ್ಲಿ ಆ ಸಂಖ್ಯೆಯನ್ನು ಫಾರಿನ್ ಕೀ ಆಗಿ, ಅಂದರೆ ಊರಿನ ಟೇಬಲ್‌ನತ್ತ ಬೊಟ್ಟುಮಾಡುವ ಕಾಲಂ ಆಗಿ ಇಡಿ. ಎರಡು ಭಾಷೆಯ ಹೆಸರುಗಳೂ ಅಲ್ಲಿ ಅಕ್ಕಪಕ್ಕದ ಕಾಲಂಗಳಲ್ಲಿ ಗೌರವದಿಂದ ಇರಲಿ. ಅಭ್ಯಾಸಕ್ಕೆ ಎಸ್‌ಕ್ಯುಲೈಟ್ ಎಂಬ ತಂತ್ರಾಂಶ ಸಾಕು. ಉಚಿತ, ಇಡೀ ದತ್ತಾಂಶ ಒಂದೇ ಫೈಲಿನಲ್ಲಿರುತ್ತದೆ.

ಮರುಪ್ರಶ್ನೆ (ಬದಿಯಡ್ಕದ ಸದಸ್ಯೆ):
ತೂಕ ಸರಿಯಾಯಿತು, ಧನ್ಯವಾದಗಳು. ಆದರೆ ಬೆಳೆಗಾರರೆಲ್ಲರನ್ನೂ ಉಳಿಸಿಕೊಳ್ಳುವ ಲೆಫ್ಟ್ ಜಾಯಿನ್ ಮಾಡಿ ಖರೀದಿಗಳನ್ನು ಎಣಿಸಿದಾಗ, ಈ ವರ್ಷ ಅಡಿಕೆಯನ್ನೇ ತಾರದವರಿಗೂ ಒಂದು ಖರೀದಿ ತೋರಿಸುತ್ತಿದೆ. ವರ್ಷದ ಷರತ್ತನ್ನು ಸಾಲುಗಳನ್ನು ಸೋಸುವ ವೇರ್‌ನಲ್ಲಿ ಹಾಕಿದರೆ ಅವರು ಪಟ್ಟಿಯಿಂದಲೇ ಮಾಯವಾಗುತ್ತಾರೆ.

ಉತ್ತರ:
ನೀವು ಎಣಿಸುವ ಆಜ್ಞೆಯಾದ ಕೌಂಟ್ ಒಳಗೆ ನಕ್ಷತ್ರ ಚಿಹ್ನೆ (*) ಹಾಕಿದ್ದೀರಿ. ಅದು ಸಾಲುಗಳನ್ನು ಎಣಿಸುತ್ತದೆ. ಅಡಿಕೆ ತಾರದವರಿಗೂ ಲೆಫ್ಟ್ ಜಾಯಿನ್ ಒಂದು ಸಾಲು ಉಳಿಸಿ, ಖರೀದಿಯ ಕಾಲಂಗಳಲ್ಲಿ ನಲ್ (ಮೌಲ್ಯವಿಲ್ಲ ಎಂಬ ಗುರುತು) ತುಂಬುತ್ತದೆ. ಖರೀದಿ ಸಂಖ್ಯೆಯ ಕಾಲಂ ಅನ್ನೇ ಕೌಂಟ್‌ಗೆ ಕೊಡಿ, ನಲ್ ಬಿಟ್ಟುಹೋಗಿ ಸೊನ್ನೆ ಬರುತ್ತದೆ. ವರ್ಷದ ಕಾಲಂನಲ್ಲೂ ನಲ್ ಇರುವುದರಿಂದ ವೇರ್‌ನ ಹೋಲಿಕೆ ಆ ಸಾಲನ್ನು ತಿರಸ್ಕರಿಸುತ್ತದೆ. ಷರತ್ತನ್ನು, ಯಾವ ಸಾಲು ಯಾವುದಕ್ಕೆ ಸೇರಬೇಕೆಂದು ಹೇಳುವ ಜಾಯಿನ್‌ನ ಆನ್ ಭಾಗಕ್ಕೆ ಸರಿಸಿದರೆ ಅವರು ಸೊನ್ನೆಯೊಂದಿಗೆ ಪಟ್ಟಿಗೆ ಮರಳುತ್ತಾರೆ.