ಅಣಕು ರೋಗಿಯಿಂದ ಜನಾಂಗೀಯ ತಾರತಮ್ಯ ಅಳಿಯುವುದೇ? ಕೆನಡಾದ ತುರ್ತು ಚಿಕಿತ್ಸಾ ವಿಭಾಗಗಳ ಕುರಿತು ಚರ್ಚೆ

ಸಿಮ್ ಬೋಧಕಿ:
2008ರ ಸೆಪ್ಟೆಂಬರ್‌ನಲ್ಲಿ ವಿನಿಪೆಗ್‌ನ ಹೆಲ್ತ್ ಸೈನ್ಸಸ್ ಸೆಂಟರ್‌ನ ತುರ್ತು ವಿಭಾಗದಲ್ಲಿ ಬ್ರಯನ್ ಸಿಂಕ್ಲೇರ್ ಎಂಬ ಮೂಲನಿವಾಸಿಯೊಬ್ಬರು ಗಾಲಿಕುರ್ಚಿಯಲ್ಲಿ 34 ಗಂಟೆ ಕಾದು, ಕುಳಿತಲ್ಲೇ ತೀರಿಕೊಂಡರು. ಅವರಿಗಿದ್ದದ್ದು ಚಿಕಿತ್ಸೆಯಿಂದ ವಾಸಿಯಾಗಬಲ್ಲ ಮೂತ್ರಕೋಶದ ಸೋಂಕು. ಕುಡಿದವರೋ ನೆಲೆಯಿಲ್ಲದವರೋ ಇರಬೇಕೆಂದು ಸಿಬ್ಬಂದಿಯಲ್ಲಿ ಕೆಲವರು ಊಹಿಸಿದ್ದರು. ಇಂಥ ಊಹೆಯನ್ನು ಆನ್‌ಲೈನ್ ಪಾಠ ಮುರಿಯಲಾರದು, ಸಿಮ್ಯುಲೇಷನ್ (ಚಿಕ್ಕದಾಗಿ ಸಿಮ್), ಅಂದರೆ ಪಾತ್ರಧಾರಿಯೊಬ್ಬರನ್ನು ರೋಗಿಯಾಗಿಸಿ ಮಾಡಿಸುವ ಅಣಕು ಚಿಕಿತ್ಸಾ ಅಭ್ಯಾಸ, ಮುರಿಯಬಲ್ಲದು ಎಂಬುದು ನನ್ನ ವಾದ. ಮಧುಮೇಹ ವಿಪರೀತಕ್ಕೇರಿ ತೊದಲುತ್ತಿರುವ ಮೂಲನಿವಾಸಿ ರೋಗಿಯ ಪಾತ್ರಧಾರಿಯನ್ನು ಕಂಡ ಕೂಡಲೇ ‘ಎಷ್ಟು ಕುಡಿದಿದ್ದೀರಿ?’ ಎಂಬ ಪ್ರಶ್ನೆ ನರ್ಸ್‌ನ ಬಾಯಿಗೆ ಬಂದರೆ, ಆ ಗಳಿಗೆಯನ್ನೇ ಹಿಡಿದು ಆಮೇಲಿನ ಡಿಬ್ರೀಫಿಂಗ್‌ನಲ್ಲಿ, ಅಂದರೆ ಅಭ್ಯಾಸದ ನಂತರದ ಅವಲೋಕನದಲ್ಲಿ, ಮಾತನಾಡಬಹುದು.

ಸಂಶಯಾತ್ಮ:
‘ಊಹಿಸಿದ್ದರು’ ಎಂಬ ಒಂದೇ ಪದದ ಮೇಲೆ ಇಡೀ ಕಟ್ಟಡ ನಿಂತಿದೆ. ಸಿಂಕ್ಲೇರ್ ಅವರ ಹೆಸರು ಟ್ರಯಾಜ್‌ನಲ್ಲಿ (ಯಾರಿಗೆ ಎಷ್ಟು ತುರ್ತು ಎಂದು ರೋಗಿಗಳನ್ನು ವಿಂಗಡಿಸುವ ಹಂತ) ನೋಂದಣಿಯೇ ಆಗಿರಲಿಲ್ಲ. ಪಟ್ಟಿಯಲ್ಲಿಲ್ಲದ ರೋಗಿಯನ್ನು ಯಾರೂ ಕರೆಯುವುದಿಲ್ಲ. ಅದು ಮುಖ್ಯವಾಗಿ ವ್ಯವಸ್ಥೆಯ ಲೋಪ. ಅವರ ಸಾವಿನ ಕುರಿತ 2014ರ ವಿಚಾರಣಾ ವರದಿಯ 63 ಶಿಫಾರಸುಗಳನ್ನು ಓದಿ ನೋಡಿ.

ರಾತ್ರಿಪಾಳಿ ನರ್ಸ್:
ನೋಂದಣಿಯಾಗಿರಲಿಲ್ಲ, ಸರಿ. ಕಣ್ಣೂ ಇರಲಿಲ್ಲವೇ, ಸ್ವಾಮಿ? ಅವರು ವಾಂತಿ ಮಾಡಿಕೊಂಡಿದ್ದರು, ಅಲ್ಲಿ ಕಾಯುತ್ತಿದ್ದ ಇತರರು ಸಿಬ್ಬಂದಿಗೆ ತಿಳಿಸಿದ್ದರು. ಇನ್ನು ಆ 63 ಶಿಫಾರಸುಗಳ ಮಾತು: ವಿಚಾರಣೆಯ ಎರಡನೇ ಹಂತವು ಜನಾಂಗೀಯ ತಾರತಮ್ಯವನ್ನು ಬದಿಗಿಟ್ಟು ರೋಗಿಗಳ ದಟ್ಟಣೆಯನ್ನೇ ಚರ್ಚಿಸುತ್ತದೆಂದು ಕುಟುಂಬದವರು ಅದರಿಂದ ಹೊರನಡೆದಿದ್ದರು. ಕೇಳದ ಪ್ರಶ್ನೆಗೆ ಉತ್ತರವಿಲ್ಲದಿರುವುದನ್ನೇ ನೀವು ಸಾಕ್ಷ್ಯವೆನ್ನುತ್ತಿದ್ದೀರಿ.

ಲೆಕ್ಕಿಗ:
ಒಬ್ಬರ ಸಾವಿನಿಂದ ಲೆಕ್ಕ ಸಿಗದು. ಆಲ್ಬರ್ಟಾ ಪ್ರಾಂತದಲ್ಲಿ 2012ರಿಂದ 2017ರವರೆಗಿನ ಒಂದು ಕೋಟಿಗೂ ಮೀರಿದ ತುರ್ತು ಭೇಟಿಗಳನ್ನು ಪರಿಶೀಲಿಸಿ 2022ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಫಸ್ಟ್ ನೇಷನ್ಸ್ ಎಂಬ ಮೂಲನಿವಾಸಿ ಸಮುದಾಯಗಳ ಜನರಿಗೆ ಹೆಚ್ಚಿನ ತುರ್ತಿನ ಟ್ರಯಾಜ್ ಶ್ರೇಣಿ ದೊರೆಯುವ ಸಾಧ್ಯತೆ ಇತರರಿಗಿಂತ ಕಡಿಮೆ.

ಸಂಶಯಾತ್ಮ:
‘ಸಾಧ್ಯತೆ ಕಡಿಮೆ’ ಎಂಬುದು ಕಾರಣವನ್ನು ಹೇಳುವುದಿಲ್ಲ. ನನ್ನ ಪ್ರಶ್ನೆ ಹಾಗೆಯೇ ಉಳಿದಿದೆ: ನೋಂದಣಿಯಾಗಿದ್ದರೆ ಸಿಂಕ್ಲೇರ್ ಬದುಕುತ್ತಿದ್ದರೋ ಇಲ್ಲವೋ?

ರಾತ್ರಿಪಾಳಿ ನರ್ಸ್:
ನೋಂದಣಿ, ನೋಂದಣಿ! ಮೂಲನಿವಾಸಿ ಮಹಿಳೆ ಜೋಯ್ಸ್ ಎಶಾಕ್ವಾನ್ ಅವರ ನೋಂದಣಿ ಆಗಿತ್ತು. 2020ರ ಸೆಪ್ಟೆಂಬರ್ 28ರಂದು ಕ್ವಿಬೆಕ್‌ನ ಜೋಲಿಯೆಟ್ ಆಸ್ಪತ್ರೆಯ ಹಾಸಿಗೆಯಿಂದಲೇ ಅವರು ಮಾಡಿದ ನೇರಪ್ರಸಾರದಲ್ಲಿ ಸಿಬ್ಬಂದಿಯ ಬೈಗುಳ ಜಗತ್ತಿಗೇ ಕೇಳಿಸಿತು. ಆ ಏಳು ಮಕ್ಕಳ ತಾಯಿಯ ಸಾವಿಗೆ ಜನಾಂಗೀಯ ತಾರತಮ್ಯವೂ ಕಾರಣವಾಯಿತೆಂದು ಮರಣ ತನಿಖಾಧಿಕಾರಿ ಗೆಹಾನ್ ಕಾಮೆಲ್ ಬರೆದರು. ಯಾವ ಪಟ್ಟಿಯಲ್ಲಿ ಯಾವ ಹೆಸರು ಬಿಟ್ಟುಹೋಗಿತ್ತು, ಹೇಳಿ?

ಸಿಮ್ ಬೋಧಕಿ:
ದಯವಿಟ್ಟು ತರಬೇತಿಯ ವಿಷಯಕ್ಕೆ ಮರಳೋಣ.

ಲೆಕ್ಕಿಗ:
ಮರಳೋಣ, ಮೇಡಂ. ‘ಮುರಿಯಬಲ್ಲದು’ ಎಂದಿರಿ. ಒಳಮನಸ್ಸಿನ ಪೂರ್ವಗ್ರಹವನ್ನು ತಗ್ಗಿಸುವ 9 ವಿಧಾನಗಳನ್ನು ಅಮೆರಿಕದಲ್ಲಿ ಪರೀಕ್ಷಿಸಿದಾಗ ಅವುಗಳ ಪ್ರಭಾವ ಕೆಲವೇ ಗಂಟೆಗಳಿಂದ ಕೆಲವೇ ದಿನಗಳೊಳಗೆ ಕರಗಿಹೋಗಿತ್ತು ಎಂದು 2016ರಲ್ಲಿ ವರದಿಯಾಗಿದೆ. ಅದಿರಲಿ, ಆ ಪಾತ್ರ ಮಾಡುವವರು ಯಾರು? ಮೂಲನಿವಾಸಿಯೇ ಆದರೆ, ಹೊರಗೆ ಉಂಡ ಅವಮಾನವನ್ನು ಪ್ರತಿ ತಂಡದ ಮುಂದೆ ಮತ್ತೆ ಉಣ್ಣಬೇಕು. ಬೇರೆಯವರಾದರೆ ಅದು ವೇಷಧಾರಣೆ.

ಸಿಮ್ ಬೋಧಕಿ:
ಆ ಪರೀಕ್ಷೆಯ ವಿಧಾನಗಳು ಒಂದೇ ಸಲದ, ಕೆಲವು ನಿಮಿಷಗಳ ಚಟುವಟಿಕೆಗಳು. ನಾನು ಹೇಳುತ್ತಿರುವುದು ಹೃದಯಸ್ತಂಭನದ ಅಭ್ಯಾಸದಂತೆ ಮತ್ತೆ ಮತ್ತೆ ಮಾಡಿಸುವ ತರಬೇತಿ. ಸನ್ನಿವೇಶವನ್ನು ಆ ಸಮುದಾಯದವರೇ ಬರೆಯಬೇಕು, ಡಿಬ್ರೀಫಿಂಗ್‌ನಲ್ಲಿ ಅವರ ಹಿರಿಯರು ಕೂರಬೇಕು, ಪಾತ್ರ ಮಾಡಿದವರಿಗೆ ಸಂಭಾವನೆ ಸಲ್ಲಬೇಕು.

ಲೆಕ್ಕಿಗ:
ಸಂಭಾವನೆ ಕೊಟ್ಟರೆ ಅವಮಾನ ಕಡಿಮೆಯಾಗುವುದೇ?

ಸಂಶಯಾತ್ಮ:
ಅಂದ ಹಾಗೆ, ನಾನು ಬರೆದದ್ದು ‘ಮುಖ್ಯವಾಗಿ ವ್ಯವಸ್ಥೆಯ ಲೋಪ’ ಎಂದು. ‘ಮುಖ್ಯವಾಗಿ’ ಎಂಬುದನ್ನು ನರ್ಸಮ್ಮನವರು ಜಾಣತನದಿಂದ ಬಿಟ್ಟುಬಿಟ್ಟರು.

ರಾತ್ರಿಪಾಳಿ ನರ್ಸ್:
ಬಿಟ್ಟಿಲ್ಲ. ಆ ಪದಕ್ಕೆ 34 ಗಂಟೆಗಳಲ್ಲಿ ಎಷ್ಟು ಗಂಟೆ ಸಲ್ಲುತ್ತದೆ, ಉಳಿದವು ಯಾರ ಪಾಲಿಗೆ ಎಂದು ನೀವೇ ಹಂಚಿ ತೋರಿಸಿ.