ಪದಚರ್ಚೆ: ‘ಯೂಟ್’, ‘ಬಕ್ಕಿ’, ‘ವ್ಯಾನ್’ – ಕನ್ನಡದಲ್ಲಿ ಯಾವ ಗಾಡಿ?

ಪ್ರಶ್ನೆ:
ಆಸ್ಟ್ರೇಲಿಯಾ ಮತ್ತು ದಕ್ಷಿಣ ಆಫ್ರಿಕಾದ ಕತೆಗಳನ್ನು ಕನ್ನಡಕ್ಕೆ ತರುವಾಗ ‘ಯೂಟ್’, ‘ಬಕ್ಕಿ’ ಎಂಬ ಎರಡು ಪದ ಪುಟಪುಟಕ್ಕೂ ಎದುರಾಗುತ್ತವೆ. ನಿಘಂಟು ಎರಡಕ್ಕೂ ‘ಪಿಕಪ್ ಟ್ರಕ್’ ಎಂದು ಹೇಳಿ ಕೈತೊಳೆದುಕೊಳ್ಳುತ್ತದೆ. ‘ಟೆಂಪೊ’ ಅಂದರೆ ಓದುಗರಿಗೆ ಥಟ್ಟನೆ ಹೊಳೆಯುತ್ತದೆ, ಆದರೆ ಅದು ಸರಿಯೇ? ಇಂಗ್ಲೆಂಡಿನ ಕತೆಯ ‘ವ್ಯಾನ್’ ಅನ್ನು ಹಾಗೇ ಬಿಟ್ಟರೆ ತೊಂದರೆ ಏನಾದರೂ ಇದೆಯೇ?

ಉತ್ತರ:
ಕೊನೆಯದರಿಂದ ಶುರು ಮಾಡೋಣ, ಜನ ಹೆಚ್ಚು ಎಡವುವುದು ಅಲ್ಲೇ. ಕನ್ನಡದಲ್ಲಿ ವ್ಯಾನ್ ಅಂದರೆ ಮೊದಲು ಕಣ್ಣಿಗೆ ಬರುವುದು ಜನ ಕೂರುವ ಗಾಡಿ: ಸ್ಕೂಲ್ ವ್ಯಾನ್, ಪೊಲೀಸ್ ವ್ಯಾನ್, ಮಾರುತಿ ವ್ಯಾನ್. (ಓಮ್ನಿ ಎಂಬ ಹೆಸರು ಆಮೇಲಿನದು, 1984ರಲ್ಲಿ ಅದು ಬಂದದ್ದೇ ‘ವ್ಯಾನ್’ ಆಗಿ.) ಇಂಗ್ಲೆಂಡಿನಲ್ಲಿ ಬರೀ ‘ವ್ಯಾನ್’ ಅಂದರೆ ಸಾಮಾನಿನ ಗಾಡಿ. ಮುಚ್ಚಿದ ಬಾಡಿ, ಹಿಂದಿನ ಭಾಗಕ್ಕೆ ಸಾಮಾನ್ಯವಾಗಿ ಕಿಟಕಿಯಿಲ್ಲ, ಮುಂದೆ ಎರಡೋ ಮೂರೋ ಸೀಟು. ‘ಪ್ಲಂಬರ್ ವ್ಯಾನಿನಲ್ಲಿ ಬಂದ’ ಎಂದು ಬರೆದರೆ ನಮ್ಮ ಓದುಗ ಅವನ ಜತೆ ಇನ್ನೂ ಹತ್ತು ಜನರನ್ನು ಕೂರಿಸಿಬಿಡುತ್ತಾನೆ. ಮೊದಲ ಸಲ ‘ಗೂಡ್ಸ್ ವ್ಯಾನ್’ ಅನ್ನಿ, ಆಮೇಲೆ ‘ವ್ಯಾನ್’ ಸಾಕು.

‘ಪಿಕಪ್’ಗೆ ಬೇರೆ ಕಾಟ. ಕನ್ನಡದಲ್ಲಿ ಅದು ಈಗಾಗಲೇ ಎರಡು ಕೆಲಸ ಮಾಡುತ್ತಿದೆ. ‘ಸ್ಟೇಷನ್ನಿಂದ ಪಿಕಪ್ ಮಾಡು’ ಒಂದು, ‘ಗಾಡಿ ಘಾಟಿ ಹತ್ತುವಾಗ ಪಿಕಪ್ಪೇ ಇಲ್ಲ’ ಇನ್ನೊಂದು. ಮೂರನೆಯ ಅರ್ಥ, ಅಂದರೆ ಗಾಡಿಯ ಹೆಸರು, ನಮ್ಮಲ್ಲಿ ಗಟ್ಟಿಯಾಗಿ ನಿಂತಿರುವುದು ‘ಬೊಲೆರೊ ಪಿಕಪ್’ ಎಂದು ಕಂಪನಿ ಹೆಸರು ಅಂಟಿಕೊಂಡಾಗಲೇ. ಬರೀ ‘ಪಿಕಪ್’ ಹಾಕುವುದಾದರೆ ವಾಕ್ಯದಲ್ಲಿ ಲೋಡೋ, ಬಾಡಿಯೋ, ಹಗ್ಗವೋ ಏನಾದರೊಂದು ಜತೆಗಿರಲಿ.

ಕನ್ನಡ ಈ ಗಾಡಿಗಳಿಗೆ ಹೆಸರಿಟ್ಟದ್ದು ಹೆಚ್ಚಾಗಿ ಕಂಪನಿಯ ಬೋರ್ಡು ಓದಿ. ‘ಟೆಂಪೊ’ ಜರ್ಮನಿಯ ಹ್ಯಾಂಬರ್ಗಿನ ವಿಡಾಲ್ ಕಂಪನಿಯ ಬ್ರ್ಯಾಂಡು. 1958ರಲ್ಲಿ ಶುರುವಾದ ಬಜಾಜ್ ಟೆಂಪೊ ಅದರ ಮೂರು ಚಕ್ರದ ಗಾಡಿಯನ್ನು ಇಲ್ಲಿ ತಯಾರಿಸಿತು. ಆ ಕಂಪನಿಯೇ 2005ರಲ್ಲಿ ಫೋರ್ಸ್ ಮೋಟರ್ಸ್ ಆಯಿತು, ನಮ್ಮ ಬಾಯಲ್ಲಿ ಟೆಂಪೊ ಉಳಿಯಿತು. ‘ಮೆಟಡೋರ್’ ಅದೇ ಮನೆಯ ಕೂಸು. ‘ಕ್ಯಾಂಟರ್’ ಮಿತ್ಸುಬಿಷಿಯ ಮಾದರಿ. 1980ರ ದಶಕದಲ್ಲಿ ಈಚರ್ ಜತೆ ಬಂದು, ಈಗ ಯಾವ ಕಂಪನಿಯ ಮಧ್ಯಮ ಲಾರಿಯಾದರೂ ಪತ್ರಿಕೆಗಳಲ್ಲಿ ‘ಕ್ಯಾಂಟರ್ ಡಿಕ್ಕಿ’ಯೇ. ಅದನ್ನು ಹಾಗೇ ಇಂಗ್ಲಿಷಿಗೆ ದಾಟಿಸಿದರೆ ಕುದುರೆ ಓಡಿಬಂದು ಗುದ್ದಿತು ಅಂದುಕೊಂಡಾರು, ಅಲ್ಲಿ ಅದು ಕುದುರೆಯ ಒಂದು ನಡೆ. ‘ಆಪೆ’ಯ ವಿಷಯದಲ್ಲಿ ಮಾತ್ರ ನಾವು ಇಂಗ್ಲಿಷಿನವರಿಗಿಂತ ಶುದ್ಧ. ಇಟಲಿಯ ಪಿಯಾಜಿಯೊ 1948ರಲ್ಲಿ ಇಟ್ಟ ಆ ಹೆಸರಿಗೆ ಜೇನುನೊಣ ಎಂದರ್ಥ, ಇಟಾಲಿಯನ್ನರ ಉಚ್ಚಾರಣೆಯೂ ಹೆಚ್ಚುಕಡಿಮೆ ‘ಆಪೆ’ಯೇ.

ಈಗ ಆಸ್ಟ್ರೇಲಿಯಾದ ಯೂಟ್. ‘ಯುಟಿಲಿಟಿ’ಯ ಮೊಟಕು ರೂಪ. ಲೂ ಬ್ಯಾಂಟ್ ವಿನ್ಯಾಸ ಮಾಡಿ, 1934ರಲ್ಲಿ ಅಲ್ಲಿನ ಜೀಲಾಂಗ್‌ನ ಫೋರ್ಡ್ ಕಾರ್ಖಾನೆಯಿಂದ ಹೊರಬಂದದ್ದು: ಮುಂದಿನರ್ಧ ಕಾರು, ಹಿಂದಿನರ್ಧ ತೆರೆದ ತೊಟ್ಟಿ, ನಡುವೆ ಸಂದಿಲ್ಲದ ಒಂದೇ ಬಾಡಿ. ನಮ್ಮ ಲಾರಿಯಲ್ಲಿ ಕ್ಯಾಬಿನ್ ಬೇರೆ, ಬಾಡಿ ಬೇರೆ ಕಾಣುತ್ತದಲ್ಲ, ಹಾಗಲ್ಲ. ಫೋರ್ಡ್ ಅಲ್ಲಿ ಇಂಥ ಗಾಡಿ ಮಾಡುವುದನ್ನು 2016ರಲ್ಲಿ, ಹೋಲ್ಡನ್ 2017ರಲ್ಲಿ ನಿಲ್ಲಿಸಿದವು. ಇಂದು ಟೊಯೊಟಾ ಹೈಲಕ್ಸ್, ಫೋರ್ಡ್ ರೇಂಜರ್‌ನಂಥ ದೊಡ್ಡ ಪಿಕಪ್‌ಗಳನ್ನೂ ಅಲ್ಲಿನವರು ಯೂಟ್ ಅನ್ನುತ್ತಾರೆ. ಹಾಗಾಗಿ ಕತೆ ಯಾವ ಕಾಲದ್ದು ನೋಡಿ. 1950ರ ಕತೆಯ ಯೂಟ್ ತಗ್ಗಾದ ಕಾರು, ಇಂದಿನದು ಎದೆಮಟ್ಟದ ಬಾನೆಟ್ಟಿನ ದೊಡ್ಡ ಗಾಡಿ. ‘ಟ್ರೇ’ ಎಂದು ಬಂದರೆ ಅದು ಸಾಮಾನ್ಯವಾಗಿ ಮೂರು ಕಡೆಯೂ ಹಲಗೆ ಇಳಿಸಬಹುದಾದ ಚಪ್ಪಟೆ ಬಾಡಿ. ಊಟದ ತಟ್ಟೆ ಮಾಡಬೇಡಿ.

ಬಕ್ಕಿ ದಕ್ಷಿಣ ಆಫ್ರಿಕಾದ ಆಫ್ರಿಕಾನ್ಸ್ ಭಾಷೆಯ ಪದ. ‘ಬಾಕ್’ ಅಂದರೆ ಬೋಗುಣಿ, ತೊಟ್ಟಿ. ‘-ಇ’ ಪುಟ್ಟದೆಂದು ಮುದ್ದುಮಾಡುವ ಪ್ರತ್ಯಯ. ಅಡುಗೆಮನೆಯ ಪ್ಲಾಸ್ಟಿಕ್ ಡಬ್ಬಿಗೂ ಅಲ್ಲಿ ಬಕ್ಕಿಯೇ. ‘ಬಕ್ಕಿಯಲ್ಲಿ ಉಳಿದ ಅನ್ನ’ ಎಂದಿದ್ದರೆ ಅದು ಫ್ರಿಜ್ಜಿನೊಳಗಿದೆ, ರಸ್ತೆಯ ಮೇಲಲ್ಲ.

‘ಟೆಂಪೊ’ ಬೇಡ ಎನ್ನುವುದಕ್ಕೆ ನನ್ನ ಮುಖ್ಯ ಕಾರಣ ಗಾಡಿಯ ಆಕಾರವಲ್ಲ, ಅಂತಸ್ತು. ನಮ್ಮಲ್ಲಿ ಟೆಂಪೊ ಅಂದರೆ ಹಳದಿ ನಂಬರ್ ಪ್ಲೇಟು, ಬಾಡಿಗೆ, ಡ್ರೈವರ್, ಕ್ಲೀನರ್. ‘ಜಮೀನಿನ ಒಡೆಯ ಟೆಂಪೊದಲ್ಲಿ ಬಂದಿಳಿದ’ ಅಂದರೆ ಪಾಪ, ಲಿಫ್ಟ್ ಕೇಳಿ ಬಂದ ಎಂಬ ಭಾವ. ಆಸ್ಟ್ರೇಲಿಯಾದ ರೈತನಿಗೆ ಯೂಟೇ ಸ್ವಂತ ಕಾರು: ಬೆಳಿಗ್ಗೆ ಕುರಿ ಹೇರುತ್ತಾನೆ, ಸಂಜೆ ಅದರಲ್ಲೇ ಪೇಟೆಗೆ ಹೋಗುತ್ತಾನೆ. ಬಿಳಿ ಪ್ಲೇಟಿನ ಇಸುಜು ವಿ-ಕ್ರಾಸ್, ಹೈಲಕ್ಸ್ ನಮ್ಮಲ್ಲೂ ಓಡುತ್ತವೆ, ಅವನ್ನು ಯಾರೂ ಟೆಂಪೊ ಅನ್ನುವುದಿಲ್ಲ. ನನ್ನ ಸಲಹೆ: ‘ಯೂಟ್’, ‘ಬಕ್ಕಿ’ ಹಾಗೇ ಇರಲಿ, ಮೊದಲ ಸಲ ‘ಹಿಂದೆ ತೊಟ್ಟಿಯಿದ್ದ ಅವನ ಯೂಟ್’ ಎಂದು ಹೊಸೆದುಬಿಡಿ. ಅಚ್ಚ ಕನ್ನಡವೇ ಬೇಕೆಂದರೆ ‘ತೊಟ್ಟಿಗಾಡಿ’ ಆಗಬಹುದು.

ಇನ್ನೆರಡು ಗುಂಡಿಗಳು. ‘ಡಬಲ್ ಕ್ಯಾಬ್’ ಅಂದರೆ ಎರಡು ಸಾಲು ಸೀಟಿನ ಕ್ಯಾಬಿನ್. ಕನ್ನಡದಲ್ಲಿ ‘ಕ್ಯಾಬ್’ ಟ್ಯಾಕ್ಸಿ ಆಗಿಹೋಗಿದೆ, ಆದ್ದರಿಂದ ‘ಜೋಡಿ ಕ್ಯಾಬಿನ್’ ಅನ್ನಿ. ಅಮೆರಿಕದ ‘ಹಾಫ್ ಟನ್’ ಪಿಕಪ್ಪನ್ನು ‘ಅರ್ಧ ಟನ್ ಗಾಡಿ’ ಮಾಡಿದರೆ ಲೆಕ್ಕ ಕೆಡುತ್ತದೆ. ಅವರ ಟನ್ 2,000 ಪೌಂಡ್, ಅಂದರೆ 907 ಕೆ.ಜಿ.; ಅರ್ಧಕ್ಕೆ 454. ಅದೂ ಹಳೆಯ ಕಾಲದ ಹೊರೆಯ ಅಳತೆ, ಈಗ ಬರೀ ವರ್ಗದ ಹೆಸರು. 2005ರಲ್ಲಿ ಬಂದ, ಜನ ‘ಛೋಟಾ ಹಾಥಿ’ ಅನ್ನುವ ಟಾಟಾ ಏಸ್‌ನ ಹೊರೆಮಿತಿಯೇ 750 ಕೆ.ಜಿ. ಇತ್ತು. ‘ಅರ್ಧ ಟನ್’ ಓದಿದವರು ಐದು ಮೀಟರ್ ಮೀರುವ ಫೋರ್ಡ್ ಎಫ್-150 ಗಾಡಿಯನ್ನು ಛೋಟಾ ಹಾಥಿಗಿಂತ ಚಿಕ್ಕದೆಂದು ತಿಳಿಯುತ್ತಾರೆ.

ಮತ್ತೊಬ್ಬರು:
ಅಂತಸ್ತಿನ ಮಾತು ಒಪ್ಪಿದೆ. ಆದರೆ ಎಲ್ಲ ಕಡೆಯೂ ಪರದೇಶದ ಹೆಸರನ್ನೇ ಉಳಿಸಬೇಕಿಲ್ಲ. ಜಪಾನಿನ ‘ಕೇ ಟ್ರಕ್’ ಬಂದರೆ ಧೈರ್ಯವಾಗಿ ‘ಏಸ್‌ನಂಥ ಪುಟ್ಟ ಗೂಡ್ಸ್ ಗಾಡಿ’ ಅನ್ನಿ. ಉದ್ದ 3.4 ಮೀಟರ್, ಅಗಲ 1.48 ಮೀಟರ್, ಎಂಜಿನ್ 660 ಸಿಸಿ, ಹೊರೆ 350 ಕೆ.ಜಿ. – ಇವು ಅಲ್ಲಿನ ಕಾನೂನಿನ ಮಿತಿಗಳು, ಏಸ್‌ಗಿಂತಲೂ ಚಿಕ್ಕದು.

ಕಾನೂನು ಅಥವಾ ತೆರಿಗೆಯ ಬರಹವಾದರೆ ಹೆಸರಿಗಿಂತ ‘ಸರಕು ವಾಹನ’, ‘ಪ್ರಯಾಣಿಕ ವಾಹನ’ ಎಂಬ ಗೆರೆಯನ್ನು ಕಾಪಾಡಿ, ಅಲ್ಲಿ ಅದರ ಮೇಲೆ ದುಡ್ಡು ನಿಂತಿರುತ್ತದೆ. ಅಮೆರಿಕ 1960ರ ದಶಕದಿಂದ ಹೊರಗಿನ ಸಣ್ಣ ಟ್ರಕ್ಕುಗಳಿಗೆ ಶೇ 25 ಸುಂಕ ಹಾಕುತ್ತಿದೆ, ಕಾರಿಗೆ ಇದ್ದದ್ದು ಶೇ 2.5. ಫೋರ್ಡ್ ತನ್ನ ಟ್ರಾನ್ಸಿಟ್ ಕನೆಕ್ಟ್ ವ್ಯಾನನ್ನು ಟರ್ಕಿಯಿಂದ ಹಿಂದಿನ ಸೀಟು ಸಮೇತ ತರಿಸಿ, ಸುಂಕದ ಕಟ್ಟೆ ದಾಟಿದ ಮೇಲೆ ಸೀಟು ಕಿತ್ತು ಗೂಡ್ಸ್ ಮಾಡುತ್ತಿತ್ತು. 2019ರಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯ ಅದು ಮೊದಲಿನಿಂದಲೂ ಸರಕಿನ ಗಾಡಿಯೇ ಅಂದಿತು. ಇಂಥ ಬರಹದಲ್ಲಿ ಬರೀ ‘ವ್ಯಾನ್’ ಎಂದು ಬರೆದರೆ ವ್ಯಾಜ್ಯವೇ ಮಾಯ.

‘ತೊಟ್ಟಿಗಾಡಿ’ ಮಾತ್ರ ದಯವಿಟ್ಟು ಬೇಡ. ಬೆಂಗಳೂರಿನ ಓದುಗರು ಬೆಳಿಗ್ಗೆ ಏಳಕ್ಕೆ ಹಸಿ ಕಸ, ಒಣ ಕಸ ಹಿಡಿದು ಗೇಟಿಗೆ ಬಂದು ನಿಲ್ಲುತ್ತಾರೆ.