ಹೇಡ್ರಿಯನ್ ಗೋಡೆಗೆ ಎರಡೂ ಬದಿ ಕಂದಕ ಯಾಕೆ?

ಹೇಮಾವತಿ ದಡ:
ಸಕಲೇಶಪುರದ ಹೈಸ್ಕೂಲೊಂದರ ವಸ್ತುಪ್ರದರ್ಶನಕ್ಕೆ ರೋಮನ್ ಬ್ರಿಟಾನಿಯಾದ ಉತ್ತರ ಗಡಿಯ ಹೇಡ್ರಿಯನ್ ಗೋಡೆಯ ಮಾದರಿ ಆಗಬೇಕು. 4 ಅಡಿ ಅಗಲದ ಪ್ಲೈವುಡ್ ಇದೆ. ವೈರಿ ಇರುವುದು ಉತ್ತರಕ್ಕೆ, ಆದರೆ ದಕ್ಷಿಣದಲ್ಲೂ ಕಂದಕ ತೋರಿಸುತ್ತಾರಲ್ಲ, ಯಾಕೆ? ಅಳತೆ ಗೊತ್ತಿದ್ದವರು ದಯವಿಟ್ಟು ತಿಳಿಸಿ.

ಕಲ್ಲುಕಟ್ಟೆ:
1 ಮೀಟರಿಗೆ 1 ಸೆಂ.ಮೀ. ಹಿಡಿಯಿರಿ. ಉತ್ತರದ ಕಂದಕ 8 ಸೆಂ.ಮೀ. ಅಗಲ, 3 ಆಳ, ತಳ ಚೂಪು. ಆಮೇಲೆ 6 ಸೆಂ.ಮೀ. ಬರಿ ನೆಲ. ಇದನ್ನು ಬಿಡಬೇಡಿ, ಕಂದಕದ ಅಂಚು ಕುಸಿದರೂ ಗೋಡೆಯ ಬುಡಕ್ಕೆ ಬರಬಾರದು. ಗೋಡೆ 3 ದಪ್ಪ, ಎತ್ತರ ಅಂದಾಜು 4.5. ಹೊರಮೈಗೆ ಕೆತ್ತಿದ ಕಲ್ಲು, ಹೊಟ್ಟೆಯೊಳಗೆ ಕಲ್ಲುಚೂರು, ಜೇಡಿಮಣ್ಣು. ಒಳಗೆ ನೀರಿಳಿದರೆ ಹೊರಮೈ ಉಬ್ಬಿ ಬೀಳುತ್ತದೆ. ಒಂದು ತುದಿ ಕತ್ತರಿಸಿ ಆ ಹೊಟ್ಟೆ ಕಾಣುವ ಹಾಗೆ ಮಾಡಿ, ಮಕ್ಕಳಿಗೆ ಅದೇ ಮುಖ್ಯ.

ಉದ್ದವನ್ನು ಮಾತ್ರ ಇದೇ ಅಳತೆಗೆ ತರಲು ಹೋಗಬೇಡಿ. ಒಂದು ಕಾವಲು ಗೋಪುರದಿಂದ ಇನ್ನೊಂದಕ್ಕೆ ಸುಮಾರು 495 ಮೀಟರ್, ಅಂದರೆ ಹತ್ತಿರಹತ್ತಿರ 5 ಮೀಟರ್ ಹಲಗೆ ಬೇಕು! ಒಂದು ಗೋಪುರ ಸಾಕು.

ಗಡಿಗಲ್ಲು:
ದಕ್ಷಿಣದ್ದಕ್ಕೆ ವಾಲಮ್ ಅನ್ನುತ್ತಾರೆ. ಅದು ವೈರಿಗಾಗಿ ತೋಡಿದ್ದಲ್ಲ, ಸೇನೆಯ ಜಾಗಕ್ಕೆ ಊರವರು, ದನಕರು ನುಗ್ಗದಂತೆ ಹಾಕಿದ ಗಡಿ. ದಾಟಲು ಕೋಟೆಗಳ ಎದುರು ಮಾತ್ರ ಬಾಗಿಲಿರುವ ದಾರಿ. ತಳ ಚಪ್ಪಟೆ, 6 ಮೀಟರ್ ಅಗಲ, 3 ಆಳ. ಎರಡೂ ಕಡೆ 9 ಮೀಟರ್ ಬಿಟ್ಟು 6 ಮೀಟರ್ ಅಗಲದ ಮಣ್ಣಿನ ದಿಬ್ಬ, ಒಟ್ಟು 36. ನಮ್ಮ ಕಡೆ ಆನೆ ಕಂದಕದ ಮಣ್ಣನ್ನು ಅಂಚಿಗೇ ಸುರಿದರೆ ಮಳೆಗಾಲದಲ್ಲಿ ಮತ್ತೆ ಒಳಗೇ ಜಾರುತ್ತದೆ. 9 ಮೀಟರ್ ಆಚೆ ಹಾಕಿದರೆ ಆ ತೊಂದರೆ ಇಲ್ಲ.

ಮಂಜರಾಬಾದ್ ಕೋಟೆಯಂತೆ ಕಲ್ಪಿಸಿಕೊಂಡರೆ ಎಲ್ಲ ತಪ್ಪುತ್ತದೆ. ಅದು ಒಂದು ಗುಡ್ಡವನ್ನು ಕಾಯುವ ಎಂಟು ಮೂಲೆಯ ನಕ್ಷತ್ರ. ಇದು 117 ಕಿ.ಮೀ. ಉದ್ದದ ತಪಾಸಣೆ ಸಾಲು, ಪ್ರತಿ ರೋಮನ್ ಮೈಲಿಗೂ (ಸುಮಾರು 1.5 ಕಿ.ಮೀ.) ಉತ್ತರ, ದಕ್ಷಿಣ ಎರಡೂ ಕಡೆ ಬಾಗಿಲಿರುವ ಪುಟ್ಟ ಕೋಟೆ. ಹೋಗಿಬರುವವರನ್ನು ತಡೆದು ನೋಡುವುದೇ ಅದರ ಕೆಲಸ.

ಹೇಮಾವತಿ ದಡ:
ತುಂಬಾ ಉಪಕಾರ. ಬಂಡೆಬೆಟ್ಟದ ಮೇಲಿನ ಭಾಗ ಮಾಡಿದರೆ?

ಕಲ್ಲುಕಟ್ಟೆ:
ಕಡಿದಾದ ಬಂಡೆಯ ನೆತ್ತಿಯಲ್ಲಿ ಉತ್ತರದ ಕಂದಕವೇ ಇಲ್ಲ, ಪ್ರಪಾತವೇ ಸಾಕು. ಪಶ್ಚಿಮದ ತುದಿಯಾದರೆ, ಕ್ರಿ.ಶ. 122ರಲ್ಲಿ ಶುರುವಾದಾಗ ಕಲ್ಲಿನದಲ್ಲ, ಹುಲ್ಲುಹೆಂಟೆ ಪೇರಿಸಿದ 6 ಮೀಟರ್ ದಪ್ಪದ ಗೋಡೆ, ಕಲ್ಲಾದದ್ದು ಆಮೇಲೆ. ಗೋಡೆಗೂ ವಾಲಮ್ಮಿಗೂ ನಡುವಿನ ಅಂತರ ಎಲ್ಲೆಡೆ ಒಂದೇ ಇಲ್ಲ, ಹಾಗಾಗಿ ಹಲಗೆಯಲ್ಲಿ ಉಳಿದ ಜಾಗವನ್ನು ಅಲ್ಲಿ ಹೊಂದಿಸಿಕೊಳ್ಳಿ.